ಸ್ಟಿರಾಯ್ಡ್ ಇಂಜೆಕ್ಷನ್ ಬೇಕೋ ಬೇಡವೋ? ನೋವು ಎಲ್ಲಿದೆ ಎಂಬುದನ್ನು ಮೊದಲು ನೋಡಿ

ಮಂಡಿ ನೋವಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ಮಂಡಿಯನ್ನೇ ಬೇಗ ಸವೆಸಬಹುದು ಎಂಬ ಸುದ್ದಿ 2025ರ ಮೇ ತಿಂಗಳಲ್ಲಿ ಬಂತು. ಬೆಂಗಳೂರಿನಂಥ ಊರಲ್ಲಿ ಈ ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಮೂಳೆ ಡಾಕ್ಟರು ‘ಒಂದು ಇಂಜೆಕ್ಷನ್ ಹಾಕೋಣ’ ಎನ್ನುತ್ತಾರೆ. ಮನೆಯವರು ‘ಸ್ಟಿರಾಯ್ಡಾ? ಬೇಡವೇ ಬೇಡ’ ಎನ್ನುತ್ತಾರೆ. ಫಿಸಿಯೋಥೆರಪಿಸ್ಟ್ ‘ಮೊದಲು ಎರಡು ತಿಂಗಳು ವ್ಯಾಯಾಮ ಮಾಡಿ ನೋಡಿ’ ಎನ್ನುತ್ತಾರೆ. ಯಾರ ಮಾತು ಕೇಳುವುದು?

ಸುದ್ದಿಗೆ ಕಾರಣವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಒಂದು ಅಧ್ಯಯನ. ಅದು ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಂಡಿ ಸವೆತ ಇರುವ 210 ಜನರ ಎಂಆರ್‌ಐಗಳನ್ನು ಅವರು ಹೋಲಿಸಿ ನೋಡಿದರು. ಇವರಲ್ಲಿ 44 ಜನ ಸ್ಟಿರಾಯ್ಡ್ ತೆಗೆದುಕೊಂಡವರು. 26 ಜನ ನಮ್ಮಲ್ಲಿ ‘ಜೆಲ್ ಇಂಜೆಕ್ಷನ್’ ಎಂದು ಕರೆಯುವ ಹೈಯಲುರಾನಿಕ್ ಆಸಿಡ್ ಹಾಕಿಸಿಕೊಂಡವರು. ಉಳಿದ 140 ಜನ ಯಾವ ಇಂಜೆಕ್ಷನ್ನೂ ಇಲ್ಲದವರು. ಎರಡು ವರ್ಷದ ನಂತರ ನೋಡಿದಾಗ ಸ್ಟಿರಾಯ್ಡ್ ಗುಂಪಿನವರ ಮಂಡಿ ಹೆಚ್ಚು ಹಾಳಾಗಿತ್ತು.

ಇನ್ನೊಂದು ಕಡೆ, ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಇದೇ ಇಂಜೆಕ್ಷನ್ನನ್ನು ಬಲವಾಗಿ ಶಿಫಾರಸು ಮಾಡಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ನಡುವಿನ ದಾರಿ ಹಿಡಿಯಿತು. ಬೇರೆ ಔಷಧಿ ಕೆಲಸ ಮಾಡದಿದ್ದಾಗ, ಅಥವಾ ವ್ಯಾಯಾಮಕ್ಕೆ ಆಸರೆಯಾಗಿ ಕೊಡಬಹುದು, ಆದರೆ ಆರಾಮ ಸಿಗುವುದು 2ರಿಂದ 10 ವಾರ ಮಾತ್ರ ಎಂದು ರೋಗಿಗೆ ತಿಳಿಸಿ ಎಂದಿತು.

ಇವು ಒಂದನ್ನೊಂದು ಸುಳ್ಳು ಮಾಡುವ ಮಾತುಗಳಂತೆ ಕಾಣುತ್ತವೆ. ಹಾಗೇನಿಲ್ಲ. ‘ಸ್ಟಿರಾಯ್ಡ್ ಒಳ್ಳೆಯದಾ, ಕೆಟ್ಟದ್ದಾ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಅಷ್ಟೆ. ಯಾವ ಜಾಗಕ್ಕೆ, ಎಷ್ಟು ಸಲ, ನೋವು ನಿಂತ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಸಿಗುತ್ತದೆ.

ಯಾವ ಸ್ಟಿರಾಯ್ಡ್ ಇದು?

ಜಿಮ್‌ಗಳಲ್ಲಿ ಮೈ ಬೆಳೆಸಲು ಕದ್ದುಮುಚ್ಚಿ ಹಾಕಿಕೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ಇದರ ಹೆಸರು ಕಾರ್ಟಿಕೋಸ್ಟಿರಾಯ್ಡ್. ನಮ್ಮ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಿನಾ ತಯಾರಿಸುವ ಹಾರ್ಮೋನಿನ ಜಾತಿಗೆ ಸೇರಿದ್ದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ನಡೆಯಲೂ ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ಓಡಾಡುವಂತಾದರು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್, ಟಾಡೆಯಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಮರುವರ್ಷವೇ ಜೋಸೆಫ್ ಹಾಲಂಡರ್ ಇದನ್ನು ನೇರವಾಗಿ ಕೀಲಿನೊಳಗೆ ಹಾಕಿದ ಅನುಭವವನ್ನು ಪ್ರಕಟಿಸಿದರು. ಅಂದರೆ ಇದು 70 ವರ್ಷಕ್ಕೂ ಹಳೆಯ ಚಿಕಿತ್ಸೆ.

ಇವತ್ತು ಹೆಚ್ಚಾಗಿ ಬಳಸುವುದು ಟ್ರಯಾಮ್ಸಿನೊಲೋನ್ ಮತ್ತು ಮಿಥೈಲ್‌ಪ್ರೆಡ್ನಿಸೊಲೋನ್. ಮಂಡಿಗಾದರೆ ಸಾಮಾನ್ಯವಾಗಿ 40 ಅಥವಾ 80 ಮಿಲಿಗ್ರಾಂ. ಜೊತೆಗೆ ಮರಗಟ್ಟಿಸುವ ಔಷಧಿಯನ್ನೂ ಸ್ವಲ್ಪ ಬೆರೆಸುತ್ತಾರೆ. ಅದಕ್ಕೇ ಹಾಕಿದ ಅರ್ಧ ಗಂಟೆಯಲ್ಲೇ ನೋವು ಮಾಯವಾದಂತೆ ಅನಿಸುತ್ತದೆ. ಆಮೇಲೆ ಒಂದೆರಡು ದಿನ ನೋವು ಮರಳಿ ಬರಬಹುದು, ಕೆಲವರಿಗೆ ಮೊದಲಿಗಿಂತ ಜಾಸ್ತಿಯೇ ಆಗಬಹುದು. ನಿಜವಾದ ಸ್ಟಿರಾಯ್ಡ್ ಕೆಲಸ ಶುರುವಾಗುವುದು ಅದರ ನಂತರ. ಇದು ಗೊತ್ತಿಲ್ಲದೆ ಮೂರನೇ ದಿನವೇ ‘ಇಂಜೆಕ್ಷನ್ ಫೇಲ್ ಆಯ್ತು’ ಎಂದುಕೊಳ್ಳುವವರು ಇದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೀಲಿನೊಳಗೆ ಅಳತೆಯಾಗಿ ಹಾಕುವ ಇಂಜೆಕ್ಷನ್ ಒಂದು. ‘ಮೈಕೈ ನೋವಾ? ಒಂದು ಸೂಜಿ ಚುಚ್ಚಿಸ್ಕೊಳ್ಳಿ’ ಎಂದು ತಪಾಸಣೆಯೇ ಇಲ್ಲದೆ ಸೊಂಟಕ್ಕೆ ಮತ್ತೆ ಮತ್ತೆ ಹಾಕುವುದು ಇನ್ನೊಂದು. ಏನಿದೆ ಎಂದು ಬರೆಯದ ಪುಡಿ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆಸಿ ಮಾರುವುದು ಮತ್ತೂ ಒಂದು. ಕೊನೆಯ ಎರಡರಲ್ಲಿ ಔಷಧಿ ಇಡೀ ಮೈಗೆ ಹರಡುತ್ತದೆ. ಮುಖ ಊದುತ್ತದೆ, ಬಿಪಿ ಮತ್ತು ಸಕ್ಕರೆ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಈ ಎರಡು ಬಗೆಯವನ್ನು ಸಮರ್ಥಿಸಲು ಏನೂ ಇಲ್ಲ. ಮುಂದೆ ಹೇಳುವುದೆಲ್ಲ ಮೊದಲನೆಯದರ ಬಗ್ಗೆ ಮಾತ್ರ.

ಮಂಡಿಯಲ್ಲಿ ನಡೆಯುವುದೇನು?

ಮಂಡಿ ಸವೆತದಲ್ಲಿ ಆಗುವ ಮುಖ್ಯ ಬದಲಾವಣೆಗಳು ಎರಡು. ಒಂದು, ಮೂಳೆಗಳ ತುದಿಯಲ್ಲಿರುವ ನುಣುಪು ಪದರ, ಅಂದರೆ ಕಾರ್ಟಿಲೇಜ್, ತೆಳುವಾಗುವುದು. ಇನ್ನೊಂದು, ಕೀಲಿನ ಒಳಪೊರೆ ಕೆರಳಿ ಊದಿ ನೀರು ತುಂಬುವುದು. ಸ್ಟಿರಾಯ್ಡ್ ಎರಡನೆಯದನ್ನು ತಣಿಸುತ್ತದೆ. ಮೊದಲನೆಯದನ್ನು ಸರಿಪಡಿಸುವುದಿಲ್ಲ. ಎಕ್ಸ್‌ರೇ ತೋರಿಸಿ ‘ಗ್ಯಾಪ್ ಕಡಿಮೆಯಾಗಿದೆ’ ಎಂದರಲ್ಲ, ಆ ಗ್ಯಾಪ್ ಯಾವ ಇಂಜೆಕ್ಷನ್ನಿಂದಲೂ ಮರಳಿ ಬರುವುದಿಲ್ಲ.

ಮೂರನೆಯ ಸಂಗತಿಯೊಂದಿದೆ. ಅದನ್ನು ಗಮನಿಸುವವರು ಕಡಿಮೆ. ಮಂಡಿ ಊದಿಕೊಂಡಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರಗಳ ಸಂದೇಶವೇ ಕುಗ್ಗುತ್ತದೆ. ನಾವು ಎಷ್ಟೇ ಪ್ರಯತ್ನಪಟ್ಟರೂ ಆ ಸ್ನಾಯು ಪೂರ್ತಿ ಬಿಗಿಯಾಗುವುದಿಲ್ಲ. ಜೊತೆಗೆ ನೋವಿನ ಭಯಕ್ಕೆ ನಡಿಗೆ ಕಡಿಮೆಯಾಗುತ್ತದೆ. ವಾರಗಳಲ್ಲೇ ತೊಡೆ ಬಡವಾಗುತ್ತದೆ. ಸ್ನಾಯು ಹೊರಬೇಕಿದ್ದ ಭಾರವನ್ನು ಕೀಲು ಹೊರುತ್ತದೆ. ಕೀಲು ಇನ್ನಷ್ಟು ಕೆರಳುತ್ತದೆ. ಮತ್ತೆ ಊತ, ಮತ್ತೆ ನೋವು.

ಇಂಜೆಕ್ಷನ್ ಈ ಸುತ್ತನ್ನು ಒಂದು ಕಡೆ ಕತ್ತರಿಸುತ್ತದೆ. ಕೆಲವು ವಾರ ಊತ ಇಳಿಯುತ್ತದೆ, ನೋವು ತಗ್ಗುತ್ತದೆ. ಆ ವಾರಗಳಲ್ಲಿ ತೊಡೆಗೆ ಬಲ ತುಂಬಿದರೆ ಸುತ್ತು ಬೇರೆ ಕಡೆಯೂ ಕಡಿಯುತ್ತದೆ. ತುಂಬದೇ ಹೋದರೆ ಔಷಧಿಯ ಶಕ್ತಿ ಮುಗಿದ ದಿನ ಮಂಡಿ ಹಳೆಯ ಸ್ಥಿತಿಗೇ ಮರಳುತ್ತದೆ. ಹಿಂಗಾರು ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ರಾಗಿ ಕೊಯ್ದು ಒಳಗೆ ಹಾಕಿಕೊಳ್ಳುವ ರೈತನಿಗೆ ಆ ಬಿಡುವಿನ ಬೆಲೆ ಗೊತ್ತು. ಇಂಜೆಕ್ಷನ್ ಕೊಡುವುದು ಅಂಥ ಬಿಡುವನ್ನು ಮಾತ್ರ.

ಈಗ ಅಂಕಿಗಳಿಗೆ ಬರೋಣ. 2017ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ 140 ಜನ ಇದ್ದರು. ಅರ್ಧ ಜನರಿಗೆ ಮೂರು ತಿಂಗಳಿಗೊಮ್ಮೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್, ಉಳಿದವರಿಗೆ ಹೋಲಿಕೆಗಾಗಿ ಔಷಧಿಯೇ ಇಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್. ಎರಡು ವರ್ಷ ಹೀಗೆ ನಡೆಯಿತು. ಸ್ಟಿರಾಯ್ಡ್ ಗುಂಪಿನಲ್ಲಿ ಕಾರ್ಟಿಲೇಜ್ 0.21 ಮಿಲಿಮೀಟರ್ ತೆಳುವಾಗಿತ್ತು. ಉಪ್ಪುನೀರಿನವರಲ್ಲಿ 0.10. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

‘ಮೂರು ತಿಂಗಳಿಗೊಂದು, ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚಿಲ್ಲ’ ಎನ್ನುವುದು ಬಹಳ ಕ್ಲಿನಿಕ್‌ಗಳಲ್ಲಿ ಸುರಕ್ಷಿತ ಮಿತಿ ಎಂದು ನಡೆದುಕೊಂಡು ಬಂದಿದೆ. ಕಾರ್ಟಿಲೇಜ್ ಹೆಚ್ಚು ತೆಳುವಾದದ್ದು ಸರಿಯಾಗಿ ಅದೇ ಮಿತಿಯೊಳಗೆ. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಒಂದು ಇಂಜೆಕ್ಷನ್ ಬೇರೆ, ಎರಡು ವರ್ಷ ಬಿಡದೆ ಹಾಕಿಸಿಕೊಂಡ ಎಂಟು ಇಂಜೆಕ್ಷನ್ ಬೇರೆ.

ಇದಕ್ಕೆ ಪ್ರತಿವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆ ಪ್ರಯೋಗದಲ್ಲಿ ನೋವನ್ನು ಅಳೆದದ್ದು ಮೂರು ತಿಂಗಳಿಗೊಮ್ಮೆ, ಅಂದರೆ ಔಷಧಿಯ ಪರಿಣಾಮ ಇಳಿದ ಮೇಲೆ. ನಡುವೆ ಸಿಕ್ಕ ಆರಾಮ ಲೆಕ್ಕಕ್ಕೆ ಬರಲಿಲ್ಲ. 0.1 ಮಿಲಿಮೀಟರ್ ವ್ಯತ್ಯಾಸದಿಂದ ರೋಗಿಯ ಬದುಕಿನಲ್ಲಿ ಏನಾಗುತ್ತದೆ ಎಂಬುದೂ ಇತ್ಯರ್ಥವಾಗಿಲ್ಲ. 2025ರ ಅಧ್ಯಯನವಂತೂ ಪ್ರಯೋಗವೇ ಅಲ್ಲ, ಗಮನಿಸಿ ಬರೆದದ್ದು. ಮಂಡಿ ಹೆಚ್ಚು ಕೆರಳಿದವರಿಗೇ ಡಾಕ್ಟರು ಸ್ಟಿರಾಯ್ಡ್ ಕೊಟ್ಟಿರುವ ಸಾಧ್ಯತೆ ಇರುತ್ತದೆ. ಹಾಗಿದ್ದರೆ ಮಂಡಿ ಹಾಳಾದದ್ದು ಔಷಧಿಯಿಂದಲೋ, ಮೊದಲೇ ಇದ್ದ ಕಾಯಿಲೆಯ ಜೋರಿನಿಂದಲೋ? ಸಂಶೋಧಕರು ಗುಂಪುಗಳನ್ನು ಸರಿಹೊಂದಿಸಿ ಹೋಲಿಸಿದ್ದಾರೆ. ಆದರೂ 44 ಜನರ ಲೆಕ್ಕದಿಂದ ಕೊನೆಯ ತೀರ್ಪು ಕೊಡಲು ಆಗುವುದಿಲ್ಲ.

ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು ಎದುರಾಬದುರು ನಿಲ್ಲಿಸಿದ ಪ್ರಯೋಗ ಪ್ರಕಟವಾದದ್ದು 2020ರಲ್ಲಿ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ನಡೆಯಿತು. ನೋವು, ಬಿಗಿತ, ಓಡಾಟದ ಕಷ್ಟ ಎಲ್ಲ ಸೇರಿಸಿ 0ರಿಂದ 240ರವರೆಗೆ ಅಂಕ ಕೊಡುತ್ತಾರೆ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಶುರುವಿನಲ್ಲಿ ಎರಡೂ ಗುಂಪಿನವರು 108ರ ಆಸುಪಾಸಿನಲ್ಲಿದ್ದರು. ಒಂದು ವರ್ಷದ ನಂತರ ಇಂಜೆಕ್ಷನ್ ಗುಂಪು 55.8ಕ್ಕೆ ಇಳಿಯಿತು, ಫಿಸಿಯೋ ಗುಂಪು 37ಕ್ಕೆ. ಇಬ್ಬರಿಗೂ ಗುಣ ಕಂಡಿತು, ಫಿಸಿಯೋದವರಿಗೆ ಜಾಸ್ತಿ ಕಂಡಿತು. ಅಲ್ಲಿ ಫಿಸಿಯೋ ಎಂದರೆ ಕೈಯಿಂದ ಕೀಲು ಸಡಿಲಿಸುವುದು ಮತ್ತು ವ್ಯಾಯಾಮ. ವರ್ಷಕ್ಕೆ ಸರಾಸರಿ 12 ಭೇಟಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊಣಕೈಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ

ಮಂಡಿಯ ಕಥೆ ಕೇಳಿದ ಮೇಲೆ ‘ಹಾಗಾದರೆ ಎಲ್ಲ ನೋವಿಗೂ ಮೊದಲು ಇಂಜೆಕ್ಷನ್, ಆಮೇಲೆ ಫಿಸಿಯೋ ಮಾಡಿದರೆ ಸರಿ’ ಅನಿಸಬಹುದು. ಮೊಣಕೈ ಇದನ್ನು ಒಪ್ಪುವುದಿಲ್ಲ.

ಮೊಣಕೈಯ ಹೊರಬದಿ ನೋಯುವ ಟೆನಿಸ್ ಎಲ್ಬೋ ಎಂದರೆ ನಮಗೆ ನೆನಪಾಗುವುದು ಸಚಿನ್ ತೆಂಡೂಲ್ಕರ್. 2005ರಲ್ಲಿ ಅವರು ಲಂಡನ್ನಿನಲ್ಲಿ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆದರೆ ಈ ನೋವು ಬರುವುದು ಆಟಗಾರರಿಗೆ ಮಾತ್ರ ಅಲ್ಲ. ಹೋಟೆಲಿನ ಅಡುಗೆಯವರು, ಪೇಂಟರ್‌ಗಳು, ಬಟ್ಟೆ ಹಿಂಡುವ ಮನೆಕೆಲಸದವರು, ದಿನವಿಡೀ ಮೌಸ್ ಹಿಡಿಯುವ ಐಟಿಯವರು, ಯಾರಿಗೂ ಬರಬಹುದು. ಇಲ್ಲಿ ತೊಂದರೆ ಕೀಲಿನೊಳಗಲ್ಲ, ಟೆಂಡನ್‌ನಲ್ಲಿ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ಪಟ್ಟಿಯೇ ಟೆಂಡನ್.

ತಿಂಗಳುಗಟ್ಟಲೆ ನೋಯುವ ಟೆಂಡನ್‌ನಲ್ಲಿ ಮುಖ್ಯ ಸಮಸ್ಯೆ ಉರಿಯೂತವಲ್ಲ. ಎಳೆಗಳು ಅಸ್ತವ್ಯಸ್ತವಾಗಿರುತ್ತವೆ, ರಿಪೇರಿ ಅರ್ಧಕ್ಕೆ ನಿಂತಿರುತ್ತದೆ. ಆ ರಿಪೇರಿ ಮಾಡುವ ಕೋಶಗಳ ಕೆಲಸವನ್ನು ಸ್ಟಿರಾಯ್ಡ್ ತಗ್ಗಿಸುತ್ತದೆ, ಹೊಸ ಎಳೆ ಹುಟ್ಟುವುದನ್ನು ನಿಧಾನ ಮಾಡುತ್ತದೆ. ನೋವು ಮಾತ್ರ ಬೇಗ ಹೋಗುತ್ತದೆ. ನೋವಿಲ್ಲ ಎಂದು ಕೈ ಮೊದಲಿನಂತೆ ಭಾರ ಎತ್ತುತ್ತದೆ, ಗಟ್ಟಿಯಾಗದ ಟೆಂಡನ್ ಮತ್ತೆ ಪೆಟ್ಟು ತಿನ್ನುತ್ತದೆ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಎರಡು ಪ್ರಯೋಗಗಳು ಇದನ್ನು ಎತ್ತಿ ತೋರಿಸಿದವು. 2006ರದ್ದರಲ್ಲಿ 198 ಜನ. ಆರು ವಾರಕ್ಕೆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ 78% ಜನರಿಗೆ ಚೆನ್ನಾಗಿ ಗುಣವಾಗಿತ್ತು. ಫಿಸಿಯೋದವರಲ್ಲಿ 65%, ಏನೂ ಮಾಡದೆ ಕಾದವರಲ್ಲಿ 27%. ಇಲ್ಲಿಗೇ ನಿಲ್ಲಿಸಿದರೆ ಇಂಜೆಕ್ಷನ್ ಗೆದ್ದಂತೆ. ಆದರೆ ಇಂಜೆಕ್ಷನ್ನಿಂದ ಹಾಗೆ ಗುಣವಾದವರಲ್ಲಿ 72% ಜನರಿಗೆ ನೋವು ಮರುಕಳಿಸಿತು.

2013ರ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. 165 ಜನರನ್ನು ನಾಲ್ಕು ಗುಂಪು ಮಾಡಿದರು. ಸ್ಟಿರಾಯ್ಡ್ ಅಥವಾ ಬರೀ ಉಪ್ಪುನೀರು, ಅದರ ಜೊತೆ ಫಿಸಿಯೋ ಇದ್ದು ಅಥವಾ ಇಲ್ಲದೆ. ವರ್ಷದ ಕೊನೆಗೆ ಉಪ್ಪುನೀರಿನವರಲ್ಲಿ 96% ಜನ ಚೇತರಿಸಿಕೊಂಡಿದ್ದರು, ಸ್ಟಿರಾಯ್ಡ್‌ನವರಲ್ಲಿ 83%. ನೋವು ಮರುಕಳಿಸಿದ್ದು ಸ್ಟಿರಾಯ್ಡ್‌ನವರಲ್ಲಿ 54% ಜನರಿಗೆ, ಉಪ್ಪುನೀರಿನವರಲ್ಲಿ ಬರೀ 12% ಜನರಿಗೆ. ಇಂಜೆಕ್ಷನ್ ಜೊತೆ ಫಿಸಿಯೋ ಮಾಡಿಸಿದರೂ ಈ ನಷ್ಟ ತುಂಬಲಿಲ್ಲ. ಅಂದರೆ ಮೊಣಕೈಯಲ್ಲಿ ಇಂಜೆಕ್ಷನ್ ಕೊಡುವ ಬಿಡುವಿಗೆ ತೆರಬೇಕಾದ ಬೆಲೆ ಜಾಸ್ತಿ. ಬಹುಪಾಲು ಜನರಿಗೆ ಇದು ವರ್ಷದೊಳಗೆ ತಾನಾಗಿಯೇ ಇಳಿಯುವ ನೋವು ಎಂಬುದನ್ನೂ ಇದರ ಜೊತೆ ಇಟ್ಟು ನೋಡಬೇಕು.

ಸೊಂಟದ ಪಕ್ಕ, ಮಗ್ಗುಲಾಗಿ ಮಲಗಿದಾಗ ಚುಚ್ಚುವ ಟೆಂಡನ್ ನೋವಿನಲ್ಲೂ ಚಿತ್ರ ಹೆಚ್ಚು ಕಡಿಮೆ ಹೀಗೇ ಇದೆ. 2018ರಲ್ಲಿ ಪ್ರಕಟವಾದ 204 ಜನರ ಪ್ರಯೋಗದಲ್ಲಿ ಎಂಟು ವಾರಕ್ಕೇ ವ್ಯಾಯಾಮದವರು ಮುಂದಿದ್ದರು. 77% ಜನರಿಗೆ ಗುಣ ಕಂಡರೆ, ಇಂಜೆಕ್ಷನ್‌ನವರಲ್ಲಿ 58%.

ಬೆರಳು ಮಡಚಿದಾಗ ಸಿಕ್ಕಿಹಾಕಿಕೊಳ್ಳುವ ಟ್ರಿಗರ್ ಫಿಂಗರ್ ಮಾತ್ರ ಬೇರೆ. ಅಲ್ಲಿ ಔಷಧಿ ಹೋಗುವುದು ಟೆಂಡನ್ ಒಳಗಲ್ಲ, ಅದರ ಸುತ್ತಲಿನ ಬಿಗಿಯಾದ ಕವಚದೊಳಗೆ. ಒಂದೆರಡು ಇಂಜೆಕ್ಷನ್ನಲ್ಲೇ ಎಷ್ಟೋ ಜನ ಆಪರೇಷನ್ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ‘ಟೆಂಡನ್ ಅಂದರೆ ಸ್ಟಿರಾಯ್ಡ್ ಬೇಡ’ ಎಂದು ಸಾರಾಸಗಟಾಗಿ ಹೇಳುವುದೂ ತಪ್ಪಾಗುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ವಿಷಯದಲ್ಲಿ ಮಾತ್ರ ಡಾಕ್ಟರುಗಳು ಮೊದಲಿಂದಲೂ ಹಿಂದೇಟು ಹಾಕುತ್ತಾರೆ. ಮೈಯ ಭಾರವನ್ನೆಲ್ಲ ಎಳೆಯುವ ಪಟ್ಟಿ ಅದು, ಹರಿದರೆ ಚೇತರಿಕೆಗೆ ತಿಂಗಳುಗಳು ಬೇಕು.

ಭುಜ ಮತ್ತು ಸಕ್ಕರೆ ಕಾಯಿಲೆ

ಇಂಜೆಕ್ಷನ್ ಮತ್ತು ಫಿಸಿಯೋ ನಿಜವಾಗಿ ಜೊತೆಯಾಗಿ ಕೆಲಸ ಮಾಡುವ ಜಾಗ ಫ್ರೋಜನ್ ಶೋಲ್ಡರ್. ಭುಜ ಹಿಡಿದುಕೊಂಡು ಕೈ ಮೇಲೆತ್ತಲು, ತಲೆ ಬಾಚಲು, ಬ್ಲೌಸಿನ ಹುಕ್ ಹಾಕಲು ಆಗದ ಸ್ಥಿತಿ ಇದು. ಮೊದಲ ತಿಂಗಳುಗಳಲ್ಲಿ ಭುಜದ ಕೀಲಿನ ಚೀಲ ಉರಿಯೂತದಿಂದ ಕೆರಳಿರುತ್ತದೆ. ರಾತ್ರಿ ನಿದ್ದೆ ಬಾರದಷ್ಟು ನೋವು. ಆಗ ಬಲವಂತವಾಗಿ ವ್ಯಾಯಾಮ ಮಾಡಿಸಿದರೆ ನೋವು ಹೆಚ್ಚಾಗಿ ರೋಗಿ ಫಿಸಿಯೋವನ್ನೇ ಬಿಟ್ಟುಬಿಡುತ್ತಾರೆ. ಈ ಹಂತದಲ್ಲಿ ಒಂದು ಇಂಜೆಕ್ಷನ್ ಹಾಕಿದರೆ ಕೈ ಅಲ್ಲಾಡಿಸಲು ಸಾಧ್ಯವಾಗುತ್ತದೆ, ವ್ಯಾಯಾಮ ಮುಂದುವರಿಯುತ್ತದೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ 503 ಜನರ ಪ್ರಯೋಗದಲ್ಲಿ ಇಂಜೆಕ್ಷನ್ ಜೊತೆಗಿನ ಫಿಸಿಯೋವನ್ನು ಅರಿವಳಿಕೆ ಕೊಟ್ಟು ಆಪರೇಷನ್ ಕೋಣೆಯಲ್ಲಿ ಮಾಡುವ ಎರಡು ಬಗೆಯ ಚಿಕಿತ್ಸೆಗಳೊಂದಿಗೆ ಹೋಲಿಸಿದರು. ಒಂದು ವರ್ಷದ ಹೊತ್ತಿಗೆ ಮೂರರಲ್ಲಿ ಯಾವುದೂ ರೋಗಿಗೆ ತಿಳಿಯುವಷ್ಟು ಮೇಲಾಗಿರಲಿಲ್ಲ. ಹಾಗಿದ್ದ ಮೇಲೆ ಅರಿವಳಿಕೆ, ಆಪರೇಷನ್‌ಗೆ ಮೊದಲು ಇದನ್ನು ಮಾಡಿ ನೋಡುವುದು ನ್ಯಾಯ, ಅಲ್ವಾ?

ತೊಡಕು ಬರುವುದು ಇನ್ನೊಂದು ಕಡೆಯಿಂದ. ಫ್ರೋಜನ್ ಶೋಲ್ಡರ್ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಕೀಲಿಗೆ ಹಾಕಿದ ಸ್ಟಿರಾಯ್ಡ್‌ನಲ್ಲಿ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಲಿವರ್ ಹೆಚ್ಚು ಗ್ಲೂಕೋಸ್ ಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಮಧುಮೇಹಿಗಳಲ್ಲಿ ಸಕ್ಕರೆ ಕೆಲವು ದಿನ, ಕೆಲವರಲ್ಲಿ ಒಂದು ವಾರದವರೆಗೂ ಏರಿರಬಹುದು. ಹಾಗೆಂದು ಇಂಜೆಕ್ಷನ್ ನಿಷಿದ್ಧವಲ್ಲ. ಸಕ್ಕರೆ ಹತೋಟಿಯಲ್ಲಿರುವಾಗ ಹಾಕಿಸಿಕೊಳ್ಳಬೇಕು. ಆಮೇಲೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರ್‌ನಲ್ಲಿ ದಿನಾ ನೋಡಿಕೊಳ್ಳಬೇಕು. ಏರಿದರೆ ಸಕ್ಕರೆ ನೋಡುವ ಡಾಕ್ಟರಿಗೆ ಫೋನ್ ಮಾಡಬೇಕು. ಭುಜದ ಡಾಕ್ಟರು ಒಬ್ಬರು, ಸಕ್ಕರೆಯ ಡಾಕ್ಟರು ಇನ್ನೊಬ್ಬರು. ಆದ್ದರಿಂದ ಈ ಮಾತನ್ನು ಇಬ್ಬರಿಗೂ ಮುಟ್ಟಿಸುವ ಹೊಣೆ ರೋಗಿಯ ಮೇಲೇ ಬೀಳುತ್ತದೆ. ಹಾಗಾಗಬಾರದು, ಆದರೆ ಆಗುತ್ತಿದೆ.

ಫಿಸಿಯೋ ಎಂದರೆ ಕರೆಂಟ್ ಕೊಡುವುದಾ?

‘ಫಿಸಿಯೋನೂ ಮಾಡಿಸಿದ್ವಿ, ಏನೂ ಆಗ್ಲಿಲ್ಲ’ ಎನ್ನುವವರನ್ನು ಸ್ವಲ್ಪ ಕೇಳಿ ನೋಡಿ. ಹತ್ತು ದಿನ ‘ಕರೆಂಟ್ ಇಟ್ಟರು, ಶಾಖ ಕೊಟ್ಟರು’ ಎಂಬ ಉತ್ತರ ಬರುತ್ತದೆ. ಐಎಫ್‌ಟಿ, ಅಲ್ಟ್ರಾಸೌಂಡ್, ಟೆನ್ಸ್ ಎಂಬ ಯಂತ್ರಗಳಿಗೆ ಸಾಕಷ್ಟು ಆಧಾರವಿಲ್ಲ, ಮಂಡಿ ಸವೆತಕ್ಕೆ ಅವನ್ನು ಕೊಡಬೇಡಿ ಎಂದು ನೈಸ್ 2022ರಲ್ಲೇ ಹೇಳಿದೆ. ಅದೇ ಮಾರ್ಗಸೂಚಿ ಎಲ್ಲ ರೋಗಿಗಳಿಗೂ ಕೊಡಿ ಎಂದು ಹೇಳುವುದು ವ್ಯಾಯಾಮವನ್ನು. ಅಮೆರಿಕದ ಸೇನಾ ಆಸ್ಪತ್ರೆಗಳ ಪ್ರಯೋಗದಲ್ಲಿ ಇಂಜೆಕ್ಷನ್ನಿಗಿಂತ ಮುಂದೆ ಹೋದ ಫಿಸಿಯೋ ಮಂಚದ ಮೇಲೆ ಮಲಗಿಸಿ ಯಂತ್ರ ಹಚ್ಚುವುದಾಗಿರಲಿಲ್ಲ. ಯಂತ್ರ ಹಚ್ಚಿ ಕಳಿಸಿ, ಅದನ್ನೇ ಫಿಸಿಯೋ ಎಂದು ಲೆಕ್ಕ ಹಿಡಿದರೆ ಇಂಜೆಕ್ಷನ್ನೇ ಮೇಲು ಎನಿಸುವುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಕಾರಣಗಳೂ ಇವೆ. ಬನ್ನೇರುಘಟ್ಟ ರಸ್ತೆಯಲ್ಲಿ ಸಂಜೆ ಆರಕ್ಕೆ ಹೊರಟು ನಾಲ್ಕು ಕಿಲೋಮೀಟರ್ ದೂರದ ಕ್ಲಿನಿಕ್ ಮುಟ್ಟುವುದು ಎಂದರೆ ಏನು ಎಂದು ಎಲ್ಲರಿಗೂ ಗೊತ್ತು. ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಹನ್ನೆರಡು ಭೇಟಿ ಎಂದರೆ ಹನ್ನೆರಡು ಸಲ ಸಂಬಳ ಕಳೆದುಕೊಳ್ಳುವುದು. ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ಫಿಸಿಯೋ ಖರ್ಚು ಜೇಬಿನಿಂದಲೇ. ಇಂಜೆಕ್ಷನ್ ಹಾಗಲ್ಲ, ಹತ್ತು ನಿಮಿಷದ ಕೆಲಸ. ನಾಳೆ ಕೆಲಸಕ್ಕೆ ಹೋಗಬೇಕಾದವರು ಅದನ್ನು ಆರಿಸಿಕೊಂಡರೆ ಅವರನ್ನು ಬೈಯುವುದು ಸರಿಯಲ್ಲ.

ಆದರೆ ಭೇಟಿಗಳ ಸಂಖ್ಯೆಯೇ ಎಲ್ಲವೂ ಅಲ್ಲ ಎಂಬುದಕ್ಕೂ ಆಧಾರ ಸಿಕ್ಕಿದೆ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಗ್ರಾಸ್ಪ್ ಎಂಬ ಪ್ರಯೋಗದಲ್ಲಿ ಭುಜದ ಟೆಂಡನ್ ನೋವಿನ 708 ಜನ ಇದ್ದರು. ಕೆಲವರಿಗೆ ಫಿಸಿಯೋ ಜೊತೆ ಆರು ಭೇಟಿಗಳವರೆಗೆ ವ್ಯಾಯಾಮ. ಕೆಲವರಿಗೆ ಒಂದೇ ಭೇಟಿ. ಆ ಒಂದು ಭೇಟಿಯಲ್ಲಿ ನಿಧಾನವಾಗಿ ಕೂತು ನೋವಿನ ಬಗ್ಗೆ ವಿವರಿಸಿ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿ ಕಳಿಸಿದರು. ಎರಡರಲ್ಲೂ ಅರ್ಧ ಜನರಿಗೆ ಮೊದಲು ಇಂಜೆಕ್ಷನ್ ಕೊಟ್ಟಿದ್ದರು. ಒಂದು ವರ್ಷಕ್ಕೆ ನೋಡಿದರೆ ಆರು ಭೇಟಿಗೂ ಒಂದು ಭೇಟಿಗೂ ವ್ಯತ್ಯಾಸ ಇರಲಿಲ್ಲ. ಇಂಜೆಕ್ಷನ್ ಮೊದಲ ಎರಡು ತಿಂಗಳು ಸ್ವಲ್ಪ ಹೆಚ್ಚು ಆರಾಮ ಕೊಟ್ಟಿತು, ಆಮೇಲೆ ಅದೂ ಸಮವಾಯಿತು.

ಟ್ರಾಫಿಕ್ಕಿನ ಊರಿಗೆ ಇದು ದೊಡ್ಡ ಸಮಾಚಾರ. ಒಂದು ಸಲ ಸರಿಯಾಗಿ ಕಲಿಸುವವರು ಸಿಕ್ಕಿ, ಮನೆಯಲ್ಲಿ ಬಿಡದೆ ಮಾಡುವ ಮನಸ್ಸಿದ್ದರೆ ಭುಜ ನೋವಿಗೆ ದಿನಾ ಕ್ಲಿನಿಕ್‌ಗೆ ಅಲೆಯಬೇಕಿಲ್ಲ. ಮಂಡಿಗೂ ಹೀಗೇ ಆಗುತ್ತದೆ ಎಂದು ಈ ಒಂದು ಪ್ರಯೋಗದಿಂದ ಹೇಳಲಾಗದು. ಆದರೆ ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು ಹತ್ತಿಳಿಯುವುದು, ಕಾಲು ನೀಟಾಗಿ ಚಾಚಿ ತೊಡೆ ಬಿಗಿಹಿಡಿಯುವುದು, ಇವಕ್ಕೆ ಯಾವ ಯಂತ್ರವೂ ಬೇಡ.

ಇಬ್ಬರ ನಡುವೆ ಮಾತೇ ಇಲ್ಲ

ಬ್ರಿಟನ್ನಿನಲ್ಲಿ ಹೆಚ್ಚಿನ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳೂ ಕೀಲಿಗೆ ಇಂಜೆಕ್ಷನ್ ಹಾಕುತ್ತಾರೆ. ಹಾಗಾದಾಗ ಸೂಜಿ ಹಾಕಿದವರೇ ವ್ಯಾಯಾಮದ ದಿನವನ್ನೂ ಗೊತ್ತು ಮಾಡಬಹುದು. ನಮ್ಮಲ್ಲಿ ಇಂಜೆಕ್ಷನ್ ಡಾಕ್ಟರ ಕೆಲಸ, ವ್ಯಾಯಾಮ ಫಿಸಿಯೋದವರ ಕೆಲಸ. ಈ ಹಂಚಿಕೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಇಬ್ಬರೂ ಮಾತಾಡಿಕೊಳ್ಳದಿರುವುದರಲ್ಲಿ. ಚೀಟಿಯ ಕೊನೆಗೆ ‘ಫಿಸಿಯೋಥೆರಪಿ’ ಎಂದು ಒಂದು ಪದ ಬರೆದು ಕಳಿಸಿದರೆ ಯಾವಾಗ ಶುರು ಮಾಡಬೇಕು, ಯಾವುದು ಬೇಡ, ಏನು ಹಾಕಿದ್ದಾರೆ ಎಂಬುದು ಆ ಕಡೆಯವರಿಗೆ ತಿಳಿಯುವುದು ಹೇಗೆ?

ಇಬ್ಬರ ನಡುವಿನ ಸಂಬಂಧವೂ ಹದವಾಗಿಲ್ಲ. 2021ರ ಕೇಂದ್ರ ಕಾನೂನು ಫಿಸಿಯೋಥೆರಪಿ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಕೊಟ್ಟಿತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ‘ಡಾ.’ ಬಳಸಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಬರೆದು, ಗದ್ದಲವಾದ ಕೂಡಲೇ ಅದನ್ನು ಹಿಂದಕ್ಕೆ ಪಡೆಯಿತು. ಚರ್ಚೆಯೆಲ್ಲ ಬಿರುದಿನ ಸುತ್ತಲೇ ನಡೆಯಿತು. ಒಂದೇ ಮಂಡಿಯನ್ನು ನೋಡುವ ಇಬ್ಬರು ಹೇಗೆ ಕೂಡಿ ಕೆಲಸ ಮಾಡಬೇಕು ಎಂಬ ಚರ್ಚೆ ಆಗಲೇ ಇಲ್ಲ. ರೋಗಿಗೆ ಬೇಕಿದ್ದದ್ದು ಅದು.

ಭಯದ ಲಾಭ ಯಾರಿಗೆ?

‘ಸ್ಟಿರಾಯ್ಡ್ ಮಂಡಿ ಹಾಳು ಮಾಡುತ್ತದೆ’ ಎಂಬ ಸುದ್ದಿಯಿಂದ ಜನ ವ್ಯಾಯಾಮದ ಕಡೆ ತಿರುಗಿದರೆ ಒಳ್ಳೆಯದೇ. ಆದರೆ ಬಹಳ ಮಂದಿ ತಿರುಗುವುದು ಬೇರೊಂದು ಇಂಜೆಕ್ಷನ್ ಕಡೆಗೆ ಎಂಬ ಆತಂಕ ನನಗಿದೆ. ಅವರದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ಕೀಲಿಗೆ ಹಾಕುವ ಪಿಆರ್‌ಪಿ, ಅಥವಾ ಜೆಲ್. ಎರಡೂ ಸ್ಟಿರಾಯ್ಡ್‌ಗಿಂತ ಬಹಳ ದುಬಾರಿ. 2021ರಲ್ಲಿ ಆಸ್ಟ್ರೇಲಿಯಾದ 288 ಜನರ ಪ್ರಯೋಗದಲ್ಲಿ ಪಿಆರ್‌ಪಿಯನ್ನು ಉಪ್ಪುನೀರಿನ ಜೊತೆ ಹೋಲಿಸಿದರು. ಒಂದು ವರ್ಷಕ್ಕೆ ನೋವಿನಲ್ಲೂ ವ್ಯತ್ಯಾಸ ಇರಲಿಲ್ಲ, ಕಾರ್ಟಿಲೇಜ್‌ನಲ್ಲೂ ಇರಲಿಲ್ಲ. ಜೆಲ್ ಇಂಜೆಕ್ಷನ್ ಕೊಡಲೇಬೇಡಿ ಎಂದು ನೈಸ್ ಹೇಳಿದೆ. 2025ರ ಎಂಆರ್‌ಐ ಅಧ್ಯಯನದಲ್ಲಿ ಜೆಲ್ ಗುಂಪಿನ ಚಿತ್ರ ಚೆನ್ನಾಗಿ ಕಂಡಿದ್ದು ನಿಜ. ಆದರೆ ಅವರು 26 ಜನ ಅಷ್ಟೇ. ಅದನ್ನು ಜಾಹೀರಾತು ಮಾಡಿಕೊಳ್ಳುವವರ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ.

ಹಾಕಿಸಿಕೊಳ್ಳುವುದೇ ಆದರೆ

ಮಂಡಿ ಊದಿ ನೀರು ತುಂಬಿ ಹೆಜ್ಜೆ ಇಡಲಾಗದಿದ್ದಾಗ, ಭುಜ ಹಿಡಿದು ನಿದ್ದೆಯೇ ಇಲ್ಲದಿದ್ದಾಗ, ಒಂದು ಇಂಜೆಕ್ಷನ್ ತೆಗೆದುಕೊಳ್ಳಲು ಹೆದರಬೇಕಿಲ್ಲ. ಹಾಕಿಸುವ ಮೊದಲು ಡಾಕ್ಟರನ್ನು ಕೇಳಿ. ಇದು ಕೀಲಿಗೋ, ಟೆಂಡನ್‌ಗೋ? ಯಾವ ಔಷಧಿ, ಎಷ್ಟು? ಹೆಸರು ಮತ್ತು ದಿನಾಂಕ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಚೀಟಿ ಇಲ್ಲದೆ ಎಷ್ಟು ಇಂಜೆಕ್ಷನ್ ಆಗಿದೆ ಎಂಬ ಲೆಕ್ಕವೇ ತಪ್ಪಿಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಎಲ್ಲಾದರೂ ಕೀವು ಸೋಂಕು ಇದ್ದರೆ ಮೊದಲೇ ಹೇಳಿ. ಚರ್ಮದ ಹತ್ತಿರದ ಜಾಗಗಳಿಗೆ ಹಾಕಿದಾಗ ಅಲ್ಲಿ ಚರ್ಮ ಬಿಳಿಚಿಕೊಳ್ಳಬಹುದು, ಸ್ವಲ್ಪ ಗುಳಿ ಬೀಳಬಹುದು. ನಮ್ಮ ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ.

ಫಿಸಿಯೋದ ಮೊದಲ ದಿನವನ್ನು ಇಂಜೆಕ್ಷನ್ನಿಗೆ ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಹಾಕಿದ ಮೇಲೆ ಒಂದೆರಡು ದಿನ ಆ ಕೀಲಿಗೆ ಭಾರ ಕಡಿಮೆ ಮಾಡಿ, ಆಮೇಲೆ ಹಗುರ ವ್ಯಾಯಾಮದಿಂದ ಶುರು ಮಾಡಿ ವಾರ ವಾರಕ್ಕೆ ಹೆಚ್ಚಿಸುತ್ತಾ ಹೋಗಬೇಕು. ನೋವು ಹೋಯಿತು ಎಂದು ಮೂರನೇ ದಿನವೇ ಬ್ಯಾಡ್ಮಿಂಟನ್ ಕೋರ್ಟಿಗೆ ಓಡಬಾರದು.

ಮಂಡಿ ಬದಲಿಸುವ ಆಪರೇಷನ್ ಯೋಚನೆ ಇದ್ದರೆ ಇಂಜೆಕ್ಷನ್ ಹಾಕಿಸಿಕೊಂಡದ್ದನ್ನು ಸರ್ಜನ್‌ಗೆ ತಪ್ಪದೆ ತಿಳಿಸಿ. ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಹೆಚ್ಚು ಎಂದು ಕಂಡುಬಂದಿದೆ. ಹಾಗಾಗಿ ಸಾಮಾನ್ಯವಾಗಿ ಅಷ್ಟು ಅಂತರ ಬಿಡುತ್ತಾರೆ.

ಕೀಲಿನೊಳಗೆ ಸೋಂಕಾಗುವುದು ಅಪರೂಪ. ಆದರೆ ಒಮ್ಮೆ ಸೋಂಕಾದರೆ ತಡಮಾಡುವಂತಿಲ್ಲ. ಒಂದೆರಡು ದಿನದ ಸಾಮಾನ್ಯ ನೋವು ತಾನಾಗಿ ಇಳಿಯುತ್ತದೆ. ಅದು ಇಳಿಯದೆ ಏರುತ್ತಾ ಹೋದರೆ, ಕೀಲು ಕೆಂಪಾಗಿ ಬಿಸಿಯಾದರೆ, ಜ್ವರ ಚಳಿ ಬಂದರೆ, ‘ನಾಳೆ ನೋಡೋಣ’ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾಗಿದ್ದರೆ ಎಮರ್ಜೆನ್ಸಿಗೆ. ಹೋಗುವಾಗ ಇಂಜೆಕ್ಷನ್ ಚೀಟಿ ಜೊತೆಗಿರಲಿ.